ಎರಡೂ ಕಣ್ಣು ತೆರೆದು ನೋಡುವ ಕ್ಯಾಮೆರಾ

ಹೋದ ತಿಂಗಳು ಯಲಬುರ್ಗಾದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋಗಿದ್ದೆ. ಚಹಾ ಬರುವ ತನಕ ಸುಮ್ಮನೆ ಗೋಡೆ ನೋಡುತ್ತ ಕೂತವಳಿಗೆ ಒಳಬಾಗಿಲ ಮೇಲೆ ತೂಗುಹಾಕಿದ ಫೋಟೋ ಒಂದು ಕಂಡಿತು. ರುಮಾಲು ಸುತ್ತಿದ ಮುದುಕ, ಹಣೆ ತುಂಬ ವಿಭೂತಿ, ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾನೆ. ಆ ಮುದುಕನನ್ನು ನಾನು ಎಂದೂ ನೋಡಿದವಳಲ್ಲ. ಆದರೆ ಆ ಕಣ್ಣುಗಳ ಗುರುತು ನನಗಿತ್ತು. ಒಂದು ರೆಪ್ಪೆ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಕೆಳಗೆ. ಏನೋ ತಮಾಷೆ ಮಾತು ಬಾಯಿಗೆ ಬಂದು ನಿಂತಂಥ ನೋಟ. ನೋಡುತ್ತಿದ್ದಂತೆ ಮೂಗಿಗೆ ಫೋಟೋ ತೊಳೆಯುವ ಹೈಪೋ ನೀರಿನ ಹುಳಿ ವಾಸನೆ ಬಡಿದ ಹಾಗಾಯಿತು. ಆ ಮನೆಯಲ್ಲಿ ಎಲ್ಲಿಂದ ಬರಬೇಕು ಹೈಪೋ... ನನ್ನ ನೆನಪಿನಿಂದಲೇ ಬಂದಿತ್ತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳ ಮಾತು. ಕುಷ್ಟಗಿಯ ಹೆಣ್ಣುಮಕ್ಕಳ ಶಾಲೆಗೆ ಮಾಸ್ತರಿಕೆಗೆಂದು ಬಂದ ನಾನು ಒಂದು ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಮುಂದೆ ಸ್ಟುಡಿಯೋ, ನಡುವೆ ಅವರ ಸಂಸಾರ, ಹಿಂದೆ ಬೇವಿನ ಮರದ ಹಿತ್ತಲು, ಹಿತ್ತಲಿಗೆ ಬಾಗಿಲು ತೆರೆಯುವ ನನ್ನ ಕೋಣೆ. ಮನೆಯಲ್ಲಿ ಮೂರೇ ಜನ. ಫೋಟೋ ಹೊಡೆಯುವ ಯಜಮಾನರು, ಅವರ ತಾಯಿ, ಅವರ ಹೆಂಡತಿ. ತಾಯಿಯನ್ನು ಎಲ್ಲರಂತೆ ನಾನೂ ಆಯಿ ಎನ್ನುತ್ತಿದ್ದೆ. ಹೆಂಡತಿಯನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದೆ; ಟೀಚರಾದ ನನ್ನನ್ನು ಅವರು ಅಕ್ಕೋರ ಎನ್ನುತ್ತಿದ್ದರು. ನಾನು ಬರೆಯಲು ಕೂತಿರುವುದು ಈ ವೈನಿಯ ಬಗ್ಗೆ.

ಸ್ಟುಡಿಯೋ ಎಂದರೆ ಮದುವೆ, ತೊಟ್ಟಿಲು, ನೌಕರಿ ಅರ್ಜಿಯ ಫೋಟೋ ಇದ್ದೇ ಇದ್ದವು. ಆದರೆ ಯಜಮಾನರು ಚೀಲ ಹೆಗಲಿಗೇರಿಸಿ ತಾವರಗೇರಾ ಕಡೆಗೋ ಯಲಬುರ್ಗಾ ಕಡೆಗೋ ಅವಸರದಲ್ಲಿ ಬಸ್ಸು ಹತ್ತಿದರೆಂದರೆ ಎಲ್ಲೋ ಒಂದು ಜೀವ ಹೋಗಿದೆ ಎಂದೇ ಅರ್ಥ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ಹಿರಿಯರು ಬದುಕಿರುವ ತನಕ ಕ್ಯಾಮೆರಾದ ಮುಂದೆ ಬರುತ್ತಿರಲಿಲ್ಲ. ಹೋದ ಮೇಲೆ, ವಿಭೂತಿ ಹಚ್ಚಿ ಹೂವು ಹಾಕಿ ಕೂಡಿಸಿದಾಗ, ಮನೆಯವರಿಗೆ ಒಂದು ಗುರುತು ಬೇಕೆನಿಸುತ್ತಿತ್ತು. ಹೀಗೆ ಹೊಡೆದ ಫೋಟೋದಲ್ಲಿ ಕಣ್ಣು ಮುಚ್ಚಿರುತ್ತವಲ್ಲ? "ಕಣ್ಣು ತೆರಿಸಿ ಕೊಡ್ರಿ" ಅನ್ನುವರು. ಕಣ್ಣು ತೆರೆಸುವ ಕೆಲಸ ವೈನಿಯದು. ಪ್ರಿಂಟು ಒಣಗಿದ ಮೇಲೆ ಅಳಿಲಿನ ಬಾಲದ ಕೂದಲಿನ ಸಣ್ಣ ಕುಂಚ ಹಿಡಿದು, ಮುಚ್ಚಿದ ರೆಪ್ಪೆಗಳ ಮೇಲೆ ತೆರೆದ ಕಣ್ಣು ಬರೆಯುತ್ತಿದ್ದರು. ಸತ್ತವರ ಕಣ್ಣು ಹೇಗಿದ್ದವೋ ಅವರೇನು ಬಲ್ಲರು? ಎದುರಿಗೆ ಕುಂಕುಮದ ಪೆಟ್ಟಿಗೆಯ ಕನ್ನಡಿ ಇಟ್ಟುಕೊಂಡು, ತಮ್ಮ ಕಣ್ಣನ್ನೇ ನೋಡಿ ಬರೆಯುತ್ತಿದ್ದರು.

ನಾನು ಬರುವುದಕ್ಕೆ ಮೊದಲೇ ಅವರ ಮಾವನವರು ತೀರಿದ್ದರು. ಯಜಮಾನರು ಹೆತ್ತ ತಂದೆಯ ಹೆಣದ ಮುಂದೆಯೂ ಒಂದು ಕಣ್ಣು ಮುಚ್ಚಿ ನಿಂತು ಫೋಟೋ ಹೊಡೆದಿದ್ದರು. ವೈನಿ ಎಂದಿನಂತೆ ಕಣ್ಣು ಬರೆದರು. ಕಟ್ಟು ಹಾಕಿಸಿ ತಂದ ಫೋಟೋವನ್ನು ಆಯಿ ಬಹಳ ಹೊತ್ತು ನೋಡಿ, "ಕಣ್ಣು ಅವರವಲ್ಲ," ಎಂದರಂತೆ. "ನನ್ನ ಗಂಡನ ಮಾರಿಯೊಳಗ ನನ್ನ ಸೊಸಿ ಕುಂತು ನೋಡಾಕತ್ತಾಳ."

ಇದನ್ನು ಹೇಳುವಾಗ ವೈನಿ ನಗುತ್ತಿದ್ದರು. ಆದರೆ ಆ ಮಾತು ಒಳಗೆಲ್ಲೋ ನಾಟಿತ್ತು. ಆಯಿಗೆ ವಯಸ್ಸಾಗಿತ್ತು, ಉಸಿರು ಕಟ್ಟುತ್ತಿತ್ತು. ಒಂದು ದಿನ ವೈನಿ ನನ್ನ ಹತ್ತಿರ ಅಂದರು, "ಅಕ್ಕೋರ, ಊರಾಗಿನ ಮುದುಕರಿಗೆಲ್ಲ ನನ್ನ ಕಣ್ಣು ಹಚ್ಚೀನಿ. ನಮ್ಮತ್ತಿಗೆ ಮಾತ್ರ ಹಚ್ಚಂಗಿಲ್ಲ. ಇದ್ದಾಗನ ಅವರ ಫೋಟೋ ಆಗಬೇಕು." ಆಯಿಯನ್ನು ಒಪ್ಪಿಸುವುದು ಬಂಡೆಗಲ್ಲಿಗೆ ನೀರು ಹನಿಸಿದಂತೆ. ಅವರ ಸಿಟ್ಟು ಕ್ಯಾಮೆರಾದ ಮೇಲಲ್ಲ, ಫೋಟೋ ಹೊಡೆಯುವಾಗ ಮಗ ಮುಚ್ಚುವ ಆ ಒಂದು ಕಣ್ಣಿನ ಮೇಲೆ. ಒಂದು ಕಣ್ಣು ಮುಚ್ಚಿ ನೋಡುವವರಿಬ್ಬರೇ, ಬಂದೂಕಿನವ ಮತ್ತು ನನ್ನ ಮಗ. ಇಬ್ಬರ ಮುಂದೆಯೂ ನಾನು ಕೂಡುವುದಿಲ್ಲ ಎನ್ನುವುದು ಅವರ ವಾದ.

ಅದೇ ವರ್ಷ ಯಜಮಾನರ ಕ್ಯಾಮೆರಾ ಕೈಕೊಟ್ಟಿತು. ಗಂಗಾವತಿಯಲ್ಲಿ ಗಡಿಯಾರ, ಕ್ಯಾಮೆರಾ ಎರಡನ್ನೂ ರಿಪೇರಿ ಮಾಡುವವರೊಬ್ಬರು ಬಿಚ್ಚಿ ನೋಡಿ, ಲೆನ್ಸುಗಳೆರಡೂ ಛಲೋ ಇವೆ, ಬಾಡಿ ಮಾತ್ರ ಮುಗಿಯಿತು ಎಂದರು. ಆ ಲೆನ್ಸಿಗೆ ಹೊಂದುವ ಹಳೆಯ ಬಾಡಿ ಅವರ ಹತ್ತಿರ ಎರಡಿದ್ದವು. ಎರಡನ್ನೂ ಒಯ್ದು ನೋಡಿ, ಬೇಡವಾದದ್ದನ್ನು ಮರಳಿ ತನ್ನಿ ಎಂದು ಕಳಿಸಿದರು. ಮನೆಯಲ್ಲಿ ಒಂದು ವಾರ ಅದೇ ಜಗಳ, ಅದೇ ನಗೆ.

ಆ ಜಾತಿಯ ಕ್ಯಾಮೆರಾದಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲ. ಹಿಂದೆ, ಎಡಗಡೆಯ ಮೂಲೆಯಲ್ಲಿ, ಒಂದು ಪುಟ್ಟ ಕಿಟಕಿ ಇರುತ್ತದೆ. ಕಿಟಕಿಯ ನಡುವೆ ತಿಳಿಹಳದಿಯ ಒಂದು ಮಚ್ಚೆ. ಆ ಮಚ್ಚೆಯೊಳಗೆ ಎದುರಿನ ಮುಖ ಎರಡಾಗಿ ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸುತ್ತ ಹೋದಂತೆ ಎರಡೂ ಸರಿದು ಬಂದು ಒಂದರೊಳಗೊಂದು ಕೂತು ಒಂದೇ ಮುಖವಾದಾಗ ಗುಂಡಿ ಒತ್ತಬೇಕು. ಎರಡು ಬಾಡಿಗಳಿಗೆ ಇದ್ದ ವ್ಯತ್ಯಾಸ ಈ ಕಿಟಕಿಯದೇ. ಒಂದರಲ್ಲಿ ಜಗತ್ತೆಲ್ಲ ಸಣ್ಣದಾಗಿ, ಆದರೆ ಅಗಲವಾಗಿ ಕಾಣುತ್ತಿತ್ತು. ಇನ್ನೊಂದರಲ್ಲಿ ಇದ್ದದ್ದು ಇದ್ದಷ್ಟೇ ದೊಡ್ಡದಾಗಿ ಕಾಣುತ್ತಿತ್ತು, ಆದರೆ ಅಂಚುಗಳು ಕಿರಿದು.

ಯಜಮಾನರಿಗೆ ಮೊದಲನೆಯದೇ ಬೇಕು. ಮದುವೆಯ ಗುಂಪಿಗೆಂದು ಅವರು ಬಳಸುತ್ತಿದ್ದ ಅಗಲ ಲೆನ್ಸು ಎಷ್ಟು ಹಿಡಿಯುತ್ತದೋ ಅಷ್ಟೆಲ್ಲ ಎರಡನೆಯದರ ಕಿಟಕಿಯಲ್ಲಿ ಕಾಣುವುದೇ ಇಲ್ಲ. ಅಂಚಿನವರನ್ನು ಅಂದಾಜಿನ ಮೇಲೆ ಹೊಡೆಯಬೇಕು. "ಕಾರಟಗಿ ಸಾವುಕಾರರ ಮನಿತನ ಇದರಾಗ ಹಿಡಸಂಗಿಲ್ಲ," ಎಂದರು. "ಅರ್ಧಾ ಬೀಗರನ್ನ ಚಪ್ಪರದ ಹೊರಗ ನಿಂದ್ರಸ್ಲೇನು?"

ವೈನಿ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದರು. ಎರಡೂ ಕಣ್ಣು ತೆರೆದೇ ನೋಡಬೇಕೆಂದು ಹೇಳಿ ಮೊದಲ ಬಾಡಿಯನ್ನು ನನ್ನ ಬಲಗಣ್ಣಿಗೆ ಹಿಡಿದರು. ಬರಿಗಣ್ಣಿಗೆ ಬೇವಿನ ಮರ ದೊಡ್ಡದು, ಕಿಟಕಿಯ ಕಣ್ಣಿಗೆ ಅದೇ ಮರ ಸಣ್ಣದು. ತಲೆ ಗಿರ್ರೆಂದಿತು, ಒಂದು ಕಣ್ಣು ತಾನೇ ಮುಚ್ಚಿಕೊಂಡಿತು. ಆಮೇಲೆ ಎರಡನೆಯದನ್ನು ಹಿಡಿದರು. ಎರಡೂ ಕಣ್ಣಿಗೆ ಒಂದೇ ಮರ. ಕ್ಯಾಮೆರಾ ಇದೆಯೆನ್ನುವುದೇ ಮರೆತುಹೋಯಿತು. ಬೆಳ್ಳಗಿನ ತೆಳು ಗೆರೆಯ ಚೌಕಟ್ಟೊಂದನ್ನು ಯಾರೋ ಗಾಳಿಯಲ್ಲಿ ಮರದ ಮುಂದೆ ತೂಗುಬಿಟ್ಟಂತೆ ಇತ್ತು, ಅಷ್ಟೇ.

"ತಿಳೀತ್ರ್ಯಾ?" ಎಂದರು ವೈನಿ. "ಇದರಾಗ ಕಣ್ಣು ಮುಚ್ಚೂದು ಬೇಕಾಗಿಲ್ಲ."

ಹಿಂದೆಯೇ ಬಂದ ಯಜಮಾನರು ಎರಡನ್ನೂ ಹಿಡಿದು ನೋಡಿ, ತಮಗೇನೂ ಫರಕು ಕಾಣುವುದಿಲ್ಲ ಎಂದರು. ವೈನಿ ಅವರನ್ನೇ ನೋಡುತ್ತ ನಿಂತರು. ಮದುವೆಯಾಗಿ ಅಷ್ಟು ವರ್ಷ ಅದೇ ಮನೆಯಲ್ಲಿ ಕ್ಯಾಮೆರಾ ನೋಡಿದವರು, ಆ ದಿನ ಮೊದಲ ಸಲ ಗಮನಿಸಿದರು. ಗಂಡ ನೋಡುತ್ತಿದ್ದದ್ದು ಎಡಗಣ್ಣಿನಿಂದ. ಚಿಕ್ಕಂದಿನಲ್ಲಿ ಸಿಡುಬು ಬಂದು ಬಲಗಣ್ಣು ಮಂಜಾಗಿತ್ತು. ಕಿಟಕಿ ಇರುವುದು ಎಡ ಮೂಲೆಯಲ್ಲಿ. ಎಡಗಣ್ಣು ಹಚ್ಚಿದರೆ ಇಡೀ ಡಬ್ಬಿ ಮುಖಕ್ಕೆ ಅಡ್ಡ ಬರುತ್ತದೆ. ಎದುರು ಕೂತವರಿಗೆ ತೆರೆದ ಕಣ್ಣೊಂದೂ ಕಾಣುವುದಿಲ್ಲ. ಬಲಗಣ್ಣು ಹಚ್ಚಿದವರಿಗೆ ಮಾತ್ರ ಇನ್ನೊಂದು ಕಣ್ಣು ಡಬ್ಬಿಯ ಹೊರಗೆ ಉಳಿಯುತ್ತದೆ.

"ನಿಮಗ ಫರಕು ಕಾಣಂಗಿಲ್ಲ ಬಿಡ್ರಿ," ಎಂದರು ವೈನಿ ಮೆಲ್ಲಗೆ. "ಇದನ್ನ ನಾನ ಹಿಡೀಬೇಕಾಗತೈತಿ."

ಹೆಂಗಸೊಬ್ಬಳು ಫೋಟೋ ಹೊಡೆಯುವುದನ್ನು ಕುಷ್ಟಗಿ ಆಗ ಕಂಡಿರಲಿಲ್ಲ. ಬಣ್ಣ ತುಂಬುವುದು, ತೊಳೆಯುವುದು, ಒಣಹಾಕುವುದು ಕೋಣೆಯೊಳಗಿನ ಕೆಲಸ; ಕ್ಯಾಮೆರಾ ಅಂಗಡಿಯ ಕೆಲಸ. ಯಜಮಾನರು ಸ್ವಲ್ಪ ಹೊತ್ತು ಬೇವಿನ ಕಟ್ಟೆಯ ಮೇಲೆ ಕೂತು ಬೀಡಿ ಸೇದಿದರು. ಆಮೇಲೆ ಎದ್ದು, "ಬೀಗರ ತಲಿ ಕತ್ತರಿಸಿದ್ರ ಮತ್ತೊಮ್ಮೆ ಹೊಡಿಬಹುದು. ಅವ್ವಂದು..." ಎಂದು ಅರ್ಧಕ್ಕೇ ನಿಲ್ಲಿಸಿ, ತಮಗೆ ಬೇಕಿದ್ದ ಮೊದಲ ಬಾಡಿಯನ್ನೇ ಚೀಲಕ್ಕೆ ಹಾಕಿಕೊಂಡು ಗಂಗಾವತಿಯ ಬಸ್ಸಿಗೆ ನಡೆದರು.

ವೈನಿ ಅವಸರ ಮಾಡಲಿಲ್ಲ. ರೀಲು ಹಾಕದ ಕ್ಯಾಮೆರಾವನ್ನು ಕಣ್ಣಿಗೆ ಹಚ್ಚಿಕೊಂಡು ಕೆಲವು ದಿನ ಮನೆಯೆಲ್ಲ ತಿರುಗಿದರು. ಒಲೆಯ ಮುಂದೆ, ಬಾವಿಯ ಹತ್ತಿರ, ನನ್ನ ಜೊತೆ ಹರಟುವಾಗಲೂ. ಆಯಿ ಮೊದಲು ಬೈದರು, ಆಮೇಲೆ ಸೊಸೆಗೆ ಗಾಳಿ ಹೊಕ್ಕಿದೆ ಎಂದರು, ಕಡೆಗೆ ಸುಮ್ಮನಾದರು. ಒಂದು ರವಿವಾರ ಮುಂಜಾನೆ ಆಯಿ ಬೇವಿನ ನೆರಳಲ್ಲಿ ಮೊರ ಹಿಡಿದು ತೊಗರಿ ಕೇರುತ್ತಿದ್ದರು. ನಾನು ಬಾಗಿಲಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ವೈನಿ ಬಂದು ಅತ್ತೆಯ ಎದುರಿಗೆ ಕುಕ್ಕರಗಾಲಲ್ಲಿ ಕೂತರು, ಬಲಗಣ್ಣಿಗೆ ಕ್ಯಾಮೆರಾ, ಎಡಗಣ್ಣು ಅಗಲಕ್ಕೆ ತೆರೆದು.

"ಏನ್ ನೋಡ್ತೀ ಬೇ?" ಎಂದರು ಆಯಿ, ಮೊರದಿಂದ ತಲೆ ಎತ್ತದೆ.

"ನಿಮ್ಮನ್ನರಿ. ಇದರಾಗ ನೀವು ಎರಡ ಮಂದಿ ಕಾಣ್ತೀರಿ."

ಆಯಿ ಮೊರ ನಿಲ್ಲಿಸಿದರು. "ಒಬ್ಬ ಅತ್ತೀನ ತಾಳಲಾರದಾಕಿ, ಇಬ್ಬರನ್ನ ಹೆಂಗ ತಾಳ್ತೀಯವ್ವಾ?"

"ತಡೀರಿ, ಒಬ್ಬಾಕೀನ ಮಾಡಾಕತ್ತೀನಿ," ಎಂದು ವೈನಿ ಬಳೆ ತಿರುಗಿಸಿದರು.

ತಾನಾಡಿದ ಮಾತಿಗೆ ತಾನೇ ನಗುವುದು ಆಯಿಯ ಚಾಳಿ. ಮೊದಲು ಭುಜ ಅಲುಗಿತು, ಆಮೇಲೆ ಮೊರದೊಳಗಿನ ತೊಗರಿ ಅಲುಗಿತು, ಆಮೇಲೆ ಇಡೀ ಮುಖ. ಟಕ್ ಎಂದಿತು. ಆಯಿ ನಗು ನಿಲ್ಲಿಸಿ, "ಹೊಡದ್ಯಾ?" ಎಂದರು. "ಹೊಡದೆರಿ," ಎಂದರು ವೈನಿ. ನನ್ನ ಕೈಯ ಕೆಂಪು ಮಸಿಯ ಪೆನ್ನು ಅಲ್ಲೇ ನಿಂತಿತು. ಆಯಿ ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿ, "ಕಣ್ಣು ಮುಚ್ಚಲೇ ಇಲ್ಲಲ್ಲ ನೀ," ಎಂದಷ್ಟೇ ಹೇಳಿ ಮತ್ತೆ ತೊಗರಿ ಕೇರತೊಡಗಿದರು.

ಕತ್ತಲೆ ಕೋಣೆಯಿಂದ ವೈನಿ ಆ ಪ್ರಿಂಟನ್ನು ನೀರು ಸೋರುತ್ತಿರುವಂತೆಯೇ ಬೆಳಕಿಗೆ ತಂದರು. ಮುಖದ ಒಂದೊಂದು ಸುಕ್ಕೂ ಎಣಿಸುವಷ್ಟು ಸ್ವಚ್ಛ. ಮೂಗುತಿಯ ಹರಳು, ಗಲ್ಲದ ಹಚ್ಚೆ, ಹಾರುತ್ತಿದ್ದ ತೊಗರಿ ಹೊಟ್ಟು, ಎಲ್ಲ ಬಂದಿತ್ತು. ಆದರೆ ನಗೆಯ ಭರದಲ್ಲಿ ಆಯಿಯ ಕಣ್ಣು ಮುಚ್ಚಿದ್ದವು.

ಯಾವ ಕಣ್ಣಿಗಾಗಿ ಇಷ್ಟೆಲ್ಲ ಮಾಡಿದರೋ ಅವೇ ಇರಲಿಲ್ಲ. ಯಜಮಾನರು ಇನ್ನೊಂದು ಹೊಡೆದರಾಯಿತು ಎಂದರು. ಆಯಿ ಒಪ್ಪಲಿಲ್ಲ, ಒಂದು ಆಯಿತಲ್ಲ, ಸಾಕು ಎಂದರು. ವೈನಿಯ ಮುಖ ಇಳಿದಿತ್ತು. ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟು ಅದರ ಮುಂದೆಯೇ ಬಹಳ ಹೊತ್ತು ನಿಂತಿದ್ದರು. ನಾನು ಹಿಂದೆ ನಿಂತಿದ್ದೆ. ಕಡೆಗೆ ಅವರೇ ಅಂದರು, "ಇರ್ಲಿ ಅಕ್ಕೋರ. ಮುಚ್ಚಿದ್ರೂ ಇವು ಅವರವ."

ಮುಂದಿನ ಬೇಸಿಗೆಯಲ್ಲಿ ಆಯಿ ಹೋದರು. ಆ ದಿನ ಕ್ಯಾಮೆರಾ ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ. ಮಾಲೆ ಹಾಕಿದ ನಗುವ ಫೋಟೋ ನೋಡಿದ ಹಿರಿಯರೊಬ್ಬರು, ಕಣ್ಣು ಮುಚ್ಚಿದ ಫೋಟೋ ಮನೆಯಲ್ಲಿಡಬಾರದು, ನೀವೇ ಬರೆಯುವವರು, ಎರಡು ಕಣ್ಣು ಹಚ್ಚಿಬಿಡಿ ಎಂದರು. ವೈನಿ ಬಂದವರಿಗೆ ನೀರು ಕೊಡುತ್ತಿದ್ದರು. ತಂಬಿಗೆ ಕೆಳಗಿಟ್ಟು, ಆಗಲ್ಲ ಎಂದರು. ಅಷ್ಟು ನೇರವಾಗಿ ಅವರು ಹಿರಿಯರಿಗೆ ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಮೇಲೆ ಕುಂಚ ಮೂಲೆ ಸೇರಿತು. ಇದ್ದಾಗಲೇ ಕರೆಯಿರಿ ಎಂದು ಬಂದವರಿಗೆಲ್ಲ ಹೇಳತೊಡಗಿದರು. ಮೊದಲು ಓಣಿಯ ಮುದುಕಿಯರು, ಆಮೇಲೆ ಗಂಡಸರ ಮುಂದೆ ಬಾರದ ಗೋಷಾದ ಹೆಣ್ಣುಮಕ್ಕಳು, ಆಮೇಲೆ ಹಳ್ಳಿಗಳಿಂದ ಕರೆ. ಹುಣ್ಣಿಮೆಗೆ ಹುಲಿಗಿಯ ಗುಡಿಗೆ ಹೋಗುವ ಬಸ್ಸಿನಲ್ಲಿ ಸೆರಗಿನೊಳಗೆ ಕ್ಯಾಮೆರಾ ಮುಚ್ಚಿಕೊಂಡು ಕೂತ ವೈನಿಯನ್ನು ನಾನೇ ನೋಡಿದ್ದೇನೆ. ಯಜಮಾನರ ಗುಂಪು ಫೋಟೋಗಳ ಕಥೆ ಬೇರೆ. ನಮ್ಮ ಶಾಲೆಯ ಒಂದು ಫೋಟೋದಲ್ಲಿ ಜವಾನ ಅರ್ಧವೇ ಇದ್ದಾನೆ. ಕೇಳಿದರೆ, ಆಕಿ ಕ್ಯಾಮೆರಾ, ನಾನೇನು ಮಾಡ್ಲಿ ಎನ್ನುತ್ತಿದ್ದರು, ಬೇಸರವಿಲ್ಲದೆ.

ಎಂಬತ್ತರ ದಶಕದ ನಡುವೆ ನನಗೆ ಕೊಪ್ಪಳಕ್ಕೆ ವರ್ಗವಾಯಿತು. ಹೋಗುವುದು ಬರುವುದು ಕಡಿಮೆಯಾಯಿತು... ಹಾಗೇ ಆಗುತ್ತದಲ್ಲ. ವೈನಿ ಜ್ವರದಲ್ಲಿ ತೀರಿದ ಸುದ್ದಿ ತಡವಾಗಿ ತಿಳಿದು ಹೋದೆ. ಯಜಮಾನರು ಒಬ್ಬರೇ ಕೂತಿದ್ದರು. ಗೋಡೆಯ ಮೇಲೆ ಆಯಿ ನಗುತ್ತಿದ್ದರು. ವೈನಿಯ ಫೋಟೋ ಎಲ್ಲೂ ಕಾಣಲಿಲ್ಲ. ನನ್ನ ಕಣ್ಣು ಹುಡುಕುವುದನ್ನು ನೋಡಿ ಅವರೇ ಹೇಳಿದರು, "ಆಕಿದೊಂದೂ ಇಲ್ರಿ ಅಕ್ಕೋರ. ಮದಿವಿ ಫೋಟೋದಾಗ ತಲಿ ಬಗ್ಗಿಸಿ ಕುಂತಾಳ. ಹ್ವಾದ ದಿನ ಹೊಡಿಬೇಕಂತ ಕ್ಯಾಮೆರಾ ಹಿಡದೆ... ಹೊಡದ್ರ, ಕಣ್ಣು ಬರಿಯವರ್ಯಾರ್ರಿ?"

ಈಗ ಅವರೂ ಇಲ್ಲ. ಸ್ಟುಡಿಯೋ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಬೇವಿನ ಮರವೂ ಹೋಗಿದೆ.

ಯಲಬುರ್ಗಾದ ಆ ಮನೆಯಲ್ಲಿ ಚಹಾ ಬಂತು. ನಾನು ಫೋಟೋ ನೋಡುತ್ತಿದ್ದುದನ್ನು ಕಂಡ ವಿದ್ಯಾರ್ಥಿನಿ ಅಭಿಮಾನದಿಂದ, "ನಮ್ಮ ಮುತ್ಯಾರಿ ಅಕ್ಕೋರ. ಎಲ್ಲಿ ನಿಂತ್ರೂ ನಮ್ಮನ್ನ ನೋಡ್ತಿರ್ತಾರ," ಎಂದಳು. ಒಂದು ಸಲ ಇಳಿಸಿ ಕೊಡುತ್ತೀಯಾ ಎಂದು ಕೇಳಿದೆ. ಸ್ಟೂಲು ಹತ್ತಿ ಇಳಿಸಿ ಕೊಟ್ಟಳು. ಸೆರಗಿನಿಂದ ಗಾಜು ಒರೆಸಿ, ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತೆ.

"ನಿಮಗ ಮುತ್ಯಾನ ಗುರ್ತ ಇತ್ತೇನ್ರಿ?"

"ಮುತ್ಯಾನ ಗುರ್ತ ಇಲ್ಲವ್ವಾ," ಎಂದೆ. "ಕಣ್ಣಿನ ಗುರ್ತ ಐತಿ."

ಅವಳಿಗೆ ಏನು ತಿಳಿಯಿತೋ, ಚಹಾ ಆರುವವರೆಗೆ ಫೋಟೋವನ್ನು ನನ್ನ ಹತ್ತಿರವೇ ಬಿಟ್ಟಳು.