ಅಣ್ಣನ ಜೀಪಿನ ಶಾಫ್ಟು

ಡೊಂಬಿವಲಿಯಲ್ಲಿ ನಮ್ಮ ಅಪ್ಪಯ್ಯನದು ಉಡುಪಿ ಹೋಟೆಲು. ಅಣ್ಣ ಅದರ ಗಲ್ಲಾದಲ್ಲಿ ಕೂರಬೇಕೆಂಬುದು ಅವರ ಹಠ. ಅಣ್ಣನಿಗೆ ಮಾತ್ರ ಜೀಪಿನ ಹುಚ್ಚು. ಅಪ್ಪಯ್ಯ ತರಕಾರಿ ತರಲೆಂದು ಕೊಂಡು, ಕೆಟ್ಟ ಮೇಲೆ ನಮ್ಮ ಹೌಸಿಂಗ್ ಸೊಸೈಟಿಯ ಮೂಲೆಯಲ್ಲಿ ತುಕ್ಕು ಹಿಡಿಯಲು ಬಿಟ್ಟಿದ್ದ ಜೀಪಿಗೆ ಅವನು ದೊಡ್ಡ ಇಂಜಿನ್ನು, ಬೇರೆ ಗಿಯರ್‌ಬಾಕ್ಸು ಕೂರಿಸಿದ. ಸದಾ ಅದರ ಅಡಿಯಲ್ಲೇ ಮಲಗಿರುತ್ತಿದ್ದ. ಹೋಟೆಲಿಗೆ ಊಟಕ್ಕೆ ಬಂದರೆ ಅಪ್ಪಯ್ಯ ಎಲ್ಲರಿಗೂ ಕೇಳುವಂತೆ, "ಇವನಿಗೆ ಪಾತ್ರೆ ತಿಕ್ಕುವವರ ಸಾಲಲ್ಲಿ ಬಡಿಸಿ" ಎನ್ನುತ್ತಿದ್ದರು.

ಎಲ್ಲ ಮುಗಿದರೂ ಜೀಪು ಓಡಲಿಲ್ಲ. ಹಿಂದಿನ ಚಕ್ರಗಳನ್ನು ತಿರುಗಿಸುವ ಹಳೆಯ ಶಾಫ್ಟು ಹೊಸ ಗಿಯರ್‌ಬಾಕ್ಸಿಗೆ ತೀರಾ ಉದ್ದವಾಗಿತ್ತು. ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಅಳತೆ ಕೊಟ್ಟೇ ಮಾಡಿಸಬೇಕು. ಆಗ ಅಪ್ಪಯ್ಯ ಇದ್ದಕ್ಕಿದ್ದಂತೆ ಬದಲಾದರು.

"ಕಲ್ಯಾಣದಲ್ಲಿ ಒಬ್ಬ ಲೇತಿನವ ಇದ್ದಾನೆ ಮಾರಾಯ. ನಾನೂ ಬರ್ತೇನೆ, ನಡಿ."

ನಂಬಲಾರದೆ ಅಣ್ಣ ತಂಗಿಯಾದ ನನ್ನನ್ನೂ ಕರೆದುಕೊಂಡು ಹೋದ.

ಲೇತಿನವರು ಬೆಳಗಾವಿ ಕಡೆಯವರು. "ಅಳತಿ ಇನ್ನೊಮ್ಮೆ ನೋಡ್ರಿ. ಪೈಪ್ ಕೊಯ್ದ ಮ್ಯಾಲ ಉದ್ದ ಮಾಡಾಕ ಬರೂದಿಲ್ಲ" ಎಂದರು. ಪೈಪಿನ ಮೇಲೆ ಅಣ್ಣ ಹಿಡಿದ ಟೇಪಿನ ಇನ್ನೊಂದು ತುದಿ ಹಿಡಿದು ನಿಂತವರು ಅಪ್ಪಯ್ಯ. ಹೊಸ ಶಾಫ್ಟು ಸಿದ್ಧವಾದ ಮೇಲೆ ಲೇತಿನವರು ಅದನ್ನು ಬ್ಯಾಲೆನ್ಸ್ ನೋಡಲು ಯಂತ್ರಕ್ಕೆ ಹಾಕಿ ತಿರುಗಿಸಿದರು. ಅದು ಒಂದಿಷ್ಟೂ ಅದುರಲಿಲ್ಲ. ಅಪ್ಪಯ್ಯ ಅಣ್ಣನ ಬೆನ್ನು ತಟ್ಟಿ, "ಗಾಡಿ ಪೂರ್ತಿ ನನ್ನ ಮಗನೇ ಕಟ್ಟಿದ್ದು" ಎಂದರು. ಅಣ್ಣ ಆಚೆ ತಿರುಗಿ ಕಣ್ಣೊರೆಸಿಕೊಂಡ. ಕೆನ್ನೆಗೆಲ್ಲ ಗ್ರೀಸು.

ಶಾಫ್ಟು ಕೂರಿಸಿದ ಮೇಲೆ ಜೀಪು ಓಡಿತು. ಮುಂದಿನ ಭಾನುವಾರ ಅಪ್ಪಯ್ಯ ನನ್ನನ್ನು ಹಿಂದೆ ಹತ್ತಿಸಿ, ತಾವು ಅವನ ಪಕ್ಕ ಕೂತು, "ಐರೋಲಿವರೆಗೆ ಹೋಗಿ ಬರುವ" ಎಂದರು. ಶಿಲ್‌ಫಾಟಾ ದಾಟಿ ಮಹಾಪೆಗೆ ಇಳಿಯುವಾಗ ಅಣ್ಣ ಬಾಯಿ ಮುಚ್ಚದೆ ಮಾತಾಡಿದ. ಅಪ್ಪಯ್ಯನ ಜೊತೆ ಅವನು ಅಷ್ಟು ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ.

ಐರೋಲಿಯಲ್ಲಿ ಒಂದು ಬಿಲ್ಡಿಂಗಿನ ಕೆಳಗೆ ಯಾರೋ ಒಬ್ಬ ಕಾಯುತ್ತಿದ್ದ.

"ಚಾವಿ ಕೊಡು" ಎಂದರು ಅಪ್ಪಯ್ಯ.

"ನೀವು ಓಡಿಸ್ತೀರಾ?" ಅಣ್ಣ ನಗುತ್ತಾ ಕೊಟ್ಟ.

ಅಪ್ಪಯ್ಯ ಅದನ್ನು ಆ ಮನುಷ್ಯನ ಕೈಗಿಟ್ಟರು. ಗಾಡಿ ಅಪ್ಪಯ್ಯನ ಹೆಸರಿನಲ್ಲೇ ಇತ್ತು.

"ಶಾಫ್ಟ್ ಇಲ್ಲದಿದ್ರೆ ಇದನ್ನು ಯಾರು ತಗೊಳ್ತಿದ್ರು? ಅದಕ್ಕೇ ನಾನು ಕಲ್ಯಾಣಕ್ಕೆ ಬಂದದ್ದು. ನಾಳೆಯಿಂದ ಗಲ್ಲಾಕ್ಕೆ ಬಾ."

ಕೊಂಡವನು ಬಗ್ಗಿ ಜೀಪಿನ ಅಡಿ ನೋಡಿ, ಕೆಲಸ ಯಾರದೆಂದು ಹಿಂದಿಯಲ್ಲಿ ಕೇಳಿದ. "ಥಾ ಏಕ್ ಮೆಕ್ಯಾನಿಕ್", ಯಾರೋ ಒಬ್ಬ ಮೆಕ್ಯಾನಿಕ್ ಇದ್ದ, ಎಂದರು ಅಪ್ಪಯ್ಯ, ಮಗ ಎದುರಿಗೇ ನಿಂತಿರುವಾಗ.

ಅಣ್ಣ ಕೂಗಾಡುತ್ತಾನೆಂದುಕೊಂಡೆ. ಅವನು ಆ ಮನುಷ್ಯನ ಪಕ್ಕ ಕುಕ್ಕರಗಾಲಲ್ಲಿ ಕೂತು, ಶಾಫ್ಟಿನ ಕೀಲುಗಳಿಗೆ ಎಲ್ಲಿ ಗ್ರೀಸು ಹಾಕಬೇಕೆಂದು ತೋರಿಸಿದ. ಆಮೇಲೆ ಮೂವರೂ ಠಾಣೆಯ ಟ್ರೇನು ಹತ್ತಿದೆವು. ಅಪ್ಪಯ್ಯ ಕಿಟಕಿಯ ಪಕ್ಕ ಕೂತು ನಿದ್ದೆ ಹೋದರು.

ಅಣ್ಣ ಈಗ ಗಲ್ಲಾದಲ್ಲಿದ್ದಾನೆ. ಊರಿನಿಂದ ನೆಂಟರು ಬಂದಾಗಲೆಲ್ಲ ಅಪ್ಪಯ್ಯ ಅವನೆದುರಿಗೇ ಈ ಕಥೆ ಹೇಳಿ, "ಹೀಗೆ ಹುಚ್ಚು ಬಿಡಿಸಿದೆ" ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ಅಣ್ಣನೂ ಗಿರಾಕಿಗೆ ಚಿಲ್ಲರೆ ಕೊಡುತ್ತಾ ಅವರ ಜೊತೆ ನಗುತ್ತಾನೆ.