ಸುಳ್ಳು ಗೋಪುರದ ಕೆಜಾಯಾ

ಗುಡ್ಡದ ಮೇಲಿನ ಪಾಳು ಗೋಪುರ ಪಾಳುಬಿದ್ದದ್ದಲ್ಲ. ದೊಡ್ಡಮನೆಯ ಧಣಿಗಳು ತೋಟದ ಚೆಂದಕ್ಕೆಂದು, ಹಳೆಯ ಗೋಪುರದಂತೆ ಕಾಣಲೆಂದು ಕಟ್ಟಿಸಿದ ಮುರುಕು ಗೋಡೆ ಅದು. ಕಿಟಕಿಯ ಜಾಗದಲ್ಲಿ ಕಪ್ಪು ಬಳಿದ ಹಲಗೆಗಳು. ಗೋಡೆಯ ಬೆನ್ನಿಗೊಂದು ಗುಡಿಸಲು. ಆ ಗೋಡೆ ಕಟ್ಟಿದ ಕಲ್ಲುಕುಟಿಗನ ವಿಧವೆ ಕೆಜಾಯಾ ಅಲ್ಲಿ ಒಂಟಿಯಾಗಿದ್ದಳು. ತೋಟಕ್ಕೆ ಬರುವ ಅತಿಥಿಗಳ ಕಣ್ಣಿಗೆ ನೋಟ ಕೆಡದಂತೆ ಅವಳು ಹೊರಗೆ ಬಟ್ಟೆ ಒಣಹಾಕುವಂತಿರಲಿಲ್ಲ. ಹಾಗಾಗಿ ದೊಡ್ಡಮನೆಯ ಅಗಸಗಿತ್ತಿಯಾದ ನಾನೇ ಪ್ರತಿ ಸೋಮವಾರ ಹೋಗಿ ಒಗೆಯುವ ಬಟ್ಟೆಯ ಗಂಟು ತರುತ್ತಿದ್ದೆ.

ಗಂಟು ಬಿಚ್ಚಿದರೆ ಮನೆಯ ಗುಟ್ಟು ಬಿಚ್ಚಿದ ಹಾಗೆ. ಆ ವಸಂತದಲ್ಲಿ ಅವಳ ಗಂಟಿನಲ್ಲಿ ಗಂಡಸಿನ ಅಂಗಿ ಬಂತು, ಮೊಣಕೈಗೆ ನೀಲಿ ತೇಪೆ. ಪೆಟ್ಟಿಗೆಯಲ್ಲಿದ್ದ ಗಂಡನ ಅಂಗಿ, ಮುಗ್ಗಲು ಹಿಡಿದಿತ್ತು ಎಂದಳು.

“ಸತ್ತ ಗಂಡನೂ ಬೆವರ್ತಾನೇನೆ?” ಎಂದೆ. ಅವಳು ನಗಲಿಲ್ಲ.

ಅಂದಿನಿಂದ ನನಗೆ ಊರಿನ ಗಂಡಸರೆಲ್ಲ ಅವಳ ಕಳ್ಳಗೆಣೆಯರಂತೆ ಕಂಡರು. ಮೊದಲು ಬೇಟೆಕಾಡಿನ ಕಾವಲುಗಾರನ ಮೇಲೆ ಗುಮಾನಿ, ಆಮೇಲೆ ಗಿರಣಿಯವನ ಮೇಲೆ. ಕೊನೆಗೆ ನನ್ನ ಗಂಡ ಎಬ್ನರನ ಅಂಗಿಗಳನ್ನೂ ತಿರುವಿಹಾಕಿದೆ. ಕಾರಣ ತಿಳಿಯದೆ ಅವನು ಎರಡು ದಿನ ನನ್ನಿಂದ ಬೈಸಿಕೊಂಡ.

ಅಷ್ಟರಲ್ಲಿ ದೊಡ್ಡಮನೆಯ ಪಾರುಪತ್ಯಗಾರ ಓಸ್ಗಥಾರ್ಪ್ ಇಬ್ಬರು ಸೈನಿಕರೊಂದಿಗೆ ಗುಡ್ಡ ಹತ್ತಿದ. ಕೆಜಾಯಾಳ ಮಗ ಜೇಬೆಜ್ ದಂಡಿನಿಂದ ಓಡಿಹೋಗಿದ್ದನಂತೆ. ಸಿಕ್ಕರೆ ಗುಂಡೇಟು. ಬಟ್ಟೆಬುಟ್ಟಿ ನೆಪಮಾಡಿಕೊಂಡು ನಾನೂ ಹಿಂದೆಯೇ ಹೋದೆ. ಅವರು ಹಾಸಿಗೆ ತಿವಿದರು, ಅಟ್ಟ ಜಾಲಾಡಿದರು, ಹಂದಿಗೂಡನ್ನೂ ಬಿಡಲಿಲ್ಲ. ಗೋಪುರವನ್ನೂ ನೋಡೋಣವೆಂದ ಸೈನಿಕನ ಮಾತಿಗೆ ಓಸ್ಗಥಾರ್ಪ್ ನಕ್ಕ. “ಅದು ಬರೀ ಗೋಡೆ ಕಣಯ್ಯ. ನಾನೇ ನಿಂತು ಕಟ್ಟಿಸಿದ್ದು, ಒಳಗೆ ಏನೂ ಇಲ್ಲ.”

ಇಳಿಯುವಾಗ ನಾನು ತಿರುಗಿ ನೋಡಿದೆ. ಕಪ್ಪು ಹಲಗೆಗಳ ಸಂದಿನಲ್ಲಿ ಬಿಳಿಯದೇನೋ ಸರಿಯಿತು. ನೀಲಿ ತೇಪೆಯ ತೋಳು. ಕಲ್ಲುಕುಟಿಗ ಯಜಮಾನರಿಗೆ ತಿಳಿಯದಂತೆ ಗೋಡೆಯೊಳಗೆ ಒಂದಾಳು ಹಿಡಿಯುವಷ್ಟು ಪೊಳ್ಳು ಬಿಟ್ಟಿದ್ದನೆಂದು ಆಗ ಹೊಳೆಯಿತು.

“ಏನು ನೋಡ್ತಿದ್ದೀಯ, ಡಾರ್ಕಸ್?” ಓಸ್ಗಥಾರ್ಪ್ ನಿಂತ.

“ಪಾರಿವಾಳ, ಸ್ವಾಮಿ. ಗೋಡೆಯೆಲ್ಲ ಹೊಲಸು ಮಾಡಿಟ್ಟಿವೆ.”

ಅವನು ನನ್ನ ಮುಖವನ್ನೇ ನೋಡಿದ, ಗೋಡೆಯನ್ನಲ್ಲ. ಆಮೇಲೆ ಮುಂದೆ ನಡೆದ. ಮಗನನ್ನು ಬಚ್ಚಿಟ್ಟ ಹೆತ್ತವಳ ಮೇಲೆ ಎಂಥ ಹಾಳು ಸಂಶಯಪಟ್ಟೆನೆಂದು ದಾರಿಯುದ್ದಕ್ಕೂ ನಾಚಿಕೆಯಾಯಿತು.

ಮುಂದಿನ ಸೋಮವಾರ ಕೆಜಾಯಾ ಬಾಗಿಲಲ್ಲೇ ಗಂಟು ಕೊಟ್ಟಳು. ಬಿಚ್ಚಿದೆ. ಬರೀ ಹೆಂಗಸಿನ ಬಟ್ಟೆ.

“ಅಂಗಿ ಎಲ್ಲೇ?” ಎಂದೆ. ಅವಳು ಬಾಗಿಲು ಎಳೆದುಕೊಳ್ಳಹೋದಳು. “ತಾ ಇಲ್ಲಿ. ಎಬ್ನರನ ಅಂಗಿಗಳ ಮಧ್ಯೆ ಒಣಗಿದ್ರೆ ಯಾರು ಕೇಳ್ತಾರೆ?”

ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು, ನಾನು ಅವಳ ಗಂಟನ್ನು ನೋಡುತ್ತಿದ್ದ ಹಾಗೆಯೇ. ಆಮೇಲೆ ಒಳಗೆ ಹೋಗಿ ಅಂಗಿ ತಂದಳು.