ನವಾಬನ ಮೂಗು, ಗುರುಸಂಗಪ್ಪನ ಶಾಲು

ಚಿಕ್ಕನರಗುಂದದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮೈಮುನಬಿ ಸೆರಗನ್ನು ಕಿವಿ ಮುಚ್ಚುವಂತೆ ಹೊದ್ದು, ಮೂಗುದಾರದ ಹಗ್ಗ ಹಿಡಿದು ಓಣಿಗೆ ಇಳಿಯುತ್ತಾರೆ. ಹಿಂದಿನಿಂದ ನವಾಬ ಬರುತ್ತಾನೆ. ನವಾಬ ಅವರ ಮನೆಯ ಕೋಣ. ಕೊಂಬಿಗೆ ಎಣ್ಣೆ, ಕೊರಳಲ್ಲಿ ಕರಿದಾರ, ನಡಿಗೆಯಲ್ಲಿ ಹೆಸರಿಗೆ ತಕ್ಕ ಗತ್ತು.

"ಅವಂಗ ಬಿಸಿ ರೊಟ್ಟಿ, ನನಗ ನಿನ್ನಿದು. ಈಕಿ ನಿಕಾ ಆಗಿದ್ದು ನನ್ನೋ ಅವನ್ನೋ, ನೀವ ಕೇಳ್ರಿ ಸಾಹೇಬ್ರ" ಎಂದು ಕಟ್ಟೆಯ ಮೇಲೆ ಕುಳಿತ ಗಂಡ ಯಮನೂರಸಾಬರು ಬೀಡಿ ಹಚ್ಚುತ್ತ, ಪೇಪರಿಗೆ ಬರೆಯಲು ಬಂದ ನನಗೆ ಹೇಳುತ್ತಾರೆ. ಮೈಮುನಬಿ ತಿರುಗಿಯೂ ನೋಡುವುದಿಲ್ಲ.

ಮೊದಲ ಮನೆಯ ದನದ ಬಾಗಿಲು ತೆರೆದೇ ಇದೆ. ಎಮ್ಮೆ ಆಗಷ್ಟೇ ಗಂಜಲ ಹಾಕಿದೆ. ನವಾಬ ಅದನ್ನು ಮೂಸಿ, ಕತ್ತು ಮೇಲೆತ್ತಿ, ಮೇಲ್ದುಟಿ ಸುರುಳಿ ಮಾಡಿ ನಿಲ್ಲುತ್ತಾನೆ. ಹೊಸಬರು ನೋಡಿದರೆ ನಗುತ್ತಿದ್ದಾನೆ ಎಂದುಕೊಳ್ಳಬೇಕು. ಅವನು ಆ ವಾಸನೆಯನ್ನು ಅಂಗುಳಿನಲ್ಲಿರುವ ಇನ್ನೊಂದು ಪುಟ್ಟ ಮೂಗಿಗೆ ಎಳೆದುಕೊಳ್ಳುತ್ತಿದ್ದಾನೆ. ಬೇಕಾದದ್ದು ಸಿಗಲಿಲ್ಲ, ಮುಂದಿನ ಮನೆಗೆ ಹೊರಡುತ್ತಾನೆ. ಅಲ್ಲಿ ಎಮ್ಮೆಯ ಬೆನ್ನ ಮೇಲೆ ಗದ್ದ ಊರುತ್ತಾನೆ. ಎಮ್ಮೆ ಒಂದು ಹೆಜ್ಜೆಯೂ ಕದಲುವುದಿಲ್ಲ.

"ಬೆದಿಗಿ ಬಂದೈತ್ರಿ. ಸಂಜೀಕ ಗುರುಸಂಗಪ್ಪಣ್ಣನ್ನ ಕರಸ್ರಿ" ಎಂದು ಒಳಗೆ ಕೂಗಿ ಹೇಳಿ ಮೈಮುನಬಿ ಹಗ್ಗ ಜಗ್ಗುತ್ತಾರೆ. ನವಾಬ ಮನಸ್ಸಿಲ್ಲದ ಮನಸ್ಸಿನಿಂದ ಗದ್ದ ತೆಗೆಯುತ್ತಾನೆ. ಅವನ ಕೆಲಸ ಅಲ್ಲಿಗೆ ಮುಗಿಯಿತು.

ಆಕಳು ಬೆದೆಗೆ ಬಂದರೆ ಕೂಗಾಡಿ ಊರಿಗೆಲ್ಲ ಸಾರುತ್ತದೆ. ಎಮ್ಮೆ ಗುಟ್ಟಿನ ಪ್ರಾಣಿ. ಮೂರು ವಾರಕ್ಕೊಮ್ಮೆ ಬರುವ ಬೆದೆಯನ್ನು ಒಂದು ರಾತ್ರಿ ಒಂದು ಹಗಲು ಕಳೆಯುವಷ್ಟರಲ್ಲಿ ಸದ್ದಿಲ್ಲದೆ ಮುಗಿಸಿಬಿಡುತ್ತದೆ. ಮನೆಯವರಿಗೆ ತಿಳಿಯುವುದಿಲ್ಲ, ಗಬ್ಬದ ಸೂಜಿ ಹಾಕುವ ಗುರುಸಂಗಪ್ಪನವರಿಗೂ ತಿಳಿಯುವುದಿಲ್ಲ. ಗಬ್ಬ ನಿಲ್ಲದೆ, ಹಾಲಿಲ್ಲದೆ ವರ್ಷ ಕಳೆದರೆ ಎಮ್ಮೆ ಸಂತೆಯ ದಾರಿ ಹಿಡಿಯುತ್ತದೆ. ಹಾಗಾಗದಂತೆ ದಿನಾ ನಸುಕಿನಲ್ಲಿ ಮನೆಮನೆಗೆ ಕೋಣ ತಿರುಗಿಸಿ ಬೆದೆ ಪತ್ತೆ ಮಾಡುವುದೇ ಮೈಮುನಬಿಯ ಕಾಯಕ. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಒಂದಿಷ್ಟು ಜೋಳ ಬರುತ್ತದೆ.

ನನಗೆ ಈಕೆಯನ್ನು ಕಂಡರೆ ಹೊಟ್ಟೆಕಿಚ್ಚು, ಮೊದಲೇ ಹೇಳಿಬಿಡುತ್ತೇನೆ. ನರಗುಂದ, ರೋಣದ ಕಡೆ ಬರೆದು ಬರೆದು ನನ್ನ ಚಪ್ಪಲಿ ಸವೆದಿದೆ. ಇಂದಿಗೂ ಕದ ತಟ್ಟಿ, ಯಾವ ಪೇಪರು ಎಂದು ಹೇಳಿ ಹೊರಗೇ ಕಾಯಬೇಕು. ಈಕೆ ಕೆಮ್ಮಿದರೆ ಸಾಕು, ಓಣಿಗೆ ಓಣಿಯೇ ಬಾಗಿಲು ತೆಗೆಯುತ್ತದೆ.

ನವಾಬ ಮೊದಲು ಹೀಗಿರಲಿಲ್ಲ. ಯಮನೂರಸಾಬರ ಮನೆತನದವರು ಹಿಂದಿನಿಂದಲೂ ಬೀಜದ ಕೋಣ ಸಾಕಿದವರು. ಸುತ್ತಲಿನ ಹಳ್ಳಿಯ ಎಮ್ಮೆಗಳು ಅವರ ಬಾಗಿಲಿಗೇ ಬರುತ್ತಿದ್ದವು. ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿದ ಒಳ್ಳೆಯ ತಳಿಯ ವೀರ್ಯ ಹೊತ್ತು ಗುರುಸಂಗಪ್ಪನವರು ನರಗುಂದದಿಂದ ಮೋಟಾರ್ ಸೈಕಲ್ ಮೇಲೆ ಬರತೊಡಗಿದ ಮೇಲೆ ಆ ಬಾಗಿಲಿಗೆ ಬರುವವರು ಇಲ್ಲವಾದರು. ಕೋಣ ಮಾರೋಣ ಎಂದರು ಯಮನೂರಸಾಬರು. ಮೈಮುನಬಿ ಒಪ್ಪಲಿಲ್ಲ. ಆಗ ದನದ ದವಾಖಾನೆಯ ಡಾಕ್ಟರೊಬ್ಬರು ಈ ಉಪಾಯ ಹೇಳಿ, ನವಾಬನಿಗೆ ಒಂದು ಸಣ್ಣ ಶಸ್ತ್ರಚಿಕಿತ್ಸೆ ಮಾಡಿದರು.

ಎತ್ತಿಗೆ ಮಾಡುವಂತೆ ಬೀಜ ಒಡೆದಿಲ್ಲ, ಅದು ಮುಖ್ಯ. ವೃಷಣಗಳು ಹಾಗೇ ಇವೆ. ವೀರ್ಯಾಣು ಹೊರಗೆ ಬರುವ ನಾಳವನ್ನಷ್ಟೇ ಕತ್ತರಿಸಿ ಕಟ್ಟಿದ್ದಾರೆ. ಗಂಡಸುತನದ ಹಾರ್ಮೋನು ಆ ನಾಳದಲ್ಲಿ ಹರಿಯುವುದಿಲ್ಲ, ನೇರ ರಕ್ತಕ್ಕೆ ಸೇರುತ್ತದೆ. ಆದ್ದರಿಂದ ನವಾಬನ ಆಸೆ, ಗತ್ತು, ಸಿಟ್ಟು ಎಲ್ಲವೂ ಮೊದಲಿನಂತೆಯೇ, ಕರು ಮಾತ್ರ ಹುಟ್ಟುವುದಿಲ್ಲ. "ಕಾಲುವಿ ಗೇಟ ಬಂದ್ ಮಾಡ್ಯಾರ. ಡ್ಯಾಮ ತುಂಬೇ ಐತಿ" ಎಂದು ಮೈಮುನಬಿ ವಿವರಿಸುತ್ತಾರೆ. ಊರಿನ ಕೆಲವರು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟುವ ಪೈಕಿ. ಕರು ಹುಟ್ಟಿದಾಗಲೆಲ್ಲ ನವಾಬನ ಮೋರೆಯ ಹೋಲಿಕೆ ಹುಡುಕುತ್ತಾರೆ.

ಗುರುಸಂಗಪ್ಪನವರೂ ಕೆಟ್ಟವರಲ್ಲ, ಕೆಲಸದಲ್ಲಿ ಪಳಗಿದ ಕೈ. ಎಡಗೈಯನ್ನು ಎಮ್ಮೆಯ ಗುದದ್ವಾರದೊಳಗೆ ಮೊಣಕೈ ದಾಟಿಸಿ, ಗರ್ಭದ ಕೊರಳನ್ನು ಒಳಗಿನಿಂದಲೇ ಹಿಡಿದು, ಬಲಗೈಯಿಂದ ಯೋನಿಯೊಳಗೆ ವೀರ್ಯದ ಕೊಳವೆ ತೂರಿಸುತ್ತಾರೆ. ರೋಣದ ಜಾನುವಾರು ಪ್ರದರ್ಶನದಲ್ಲಿ ಅವರಿಗೆ ಶಾಲು ಹೊದಿಸಿದ್ದಾರೆ. ಆ ಶಾಲಿನ ಮಾತು ಬಂದರೆ ಮೈಮುನಬಿಯ ಮುಖ ಗಂಟಾಗುತ್ತದೆ. ಆದರೆ ಅವರ ಹೊಟ್ಟೆಯಲ್ಲಿ ನಿಜವಾದ ಬೆಂಕಿ ಇಟ್ಟಿರುವುದು ಗಿಣ್ಣ.

ಈ ಊರಿನ ವಾಡಿಕೆ ಹೀಗಿದೆ. ಎಮ್ಮೆ ಈದ ಮೇಲೆ ಮೊದಲ ಗಿಣ್ಣದ ಬಟ್ಟಲು ಎಮ್ಮೆಯನ್ನು ಗಬ್ಬ ಕಟ್ಟಿಸಿದವರ ಮನೆಗೆ ಹೋಗಬೇಕು. ಹಿಂದೆ ಅದು ಯಮನೂರಸಾಬರ ಮನೆಗೆ ಬರುತ್ತಿತ್ತು. ಈಗ ಗುರುಸಂಗಪ್ಪನವರ ಪಾಲು.

"ಬೆದಿ ಹುಡುಕಾಕಿ ನಾನು. ಗಿಣ್ಣ ತಿನ್ನಾಂವ ಅಂವ. ಹೋದ ಸುಗ್ಯಾಗ ನಾಲ್ಕ ಮನಿ ಗಿಣ್ಣ ಆತನ ಡಬ್ಬ್ಯಾಗ ಹೋತ್ರಿ. ವಾಸನಿ ನನ್ನ ಮೂಗಿಗೆ, ರುಚಿ ಅವನ ಬಾಯಿಗೆ. ಹೊಟ್ಟಿ ಉರೀದಂಗ ಹ್ಯಾಂಗ ಇರಲ್ರಿ?" ಎನ್ನುತ್ತಾರೆ ಮೈಮುನಬಿ.

ಇವತ್ತು ನಾನು ಬಂದಿರುವುದೂ ಒಂದು ಗಿಣ್ಣದ ಸಲುವಾಗಿಯೇ. ಓಣಿಯ ಕೊನೆಯ ಮನೆ ಹೊಳೆವ್ವನವರದು. ಅವರ ಎಮ್ಮೆ ಮೊನ್ನೆ ದೀಪಾವಳಿಯಲ್ಲಿ ಈದಿದೆ. ಇವತ್ತು ಗಿಣ್ಣ. ಬಟ್ಟಲು ಯಾರಿಗೆ ಎಂಬುದು ಊರಿಗೆಲ್ಲ ಕುತೂಹಲ, ಏಕೆಂದರೆ ಆ ಎಮ್ಮೆಯ ಕಥೆಯೇ ಬೇರೆ.

ಎರಡು ವರ್ಷ ಅದು ಗಬ್ಬ ನಿಂತಿರಲಿಲ್ಲ. ಹೊಳೆವ್ವನವರು ನವಾಬನನ್ನು ಹೊಸ್ತಿಲ ಹತ್ತಿರವೂ ಬಿಡುತ್ತಿರಲಿಲ್ಲ. ಫಲವಿಲ್ಲದ ಕೋಣ ಮುಟ್ಟಿದರೆ ಎಮ್ಮೆಯ ಗರ್ಭ ಮುಚ್ಚಿಹೋಗುತ್ತದೆ ಎಂಬುದು ಅವರ ನಂಬಿಕೆ. ಅವನು ಹಾದುಹೋದ ಕೂಡಲೇ ಉಪ್ಪು ನಿವಾಳಿಸಿ ಚೆಲ್ಲುತ್ತಿದ್ದರು. ಎಮ್ಮೆ ಒದರಿದಾಗಲೆಲ್ಲ ಬೆದೆ ಎಂದು ತಿಳಿದು ಗುರುಸಂಗಪ್ಪನವರಿಗೆ ಹೇಳಿಕಳಿಸುತ್ತಿದ್ದರು. "ಅದು ಮೇವಿಗೆ ಒದರತಿತ್ರಿ. ಕೈ ಹಾಕಿ ನೋಡಿದ್ರ ಗರ್ಭದ ಬಾಯಿ ಬಿಗದಿರ್ತಿತ್ತು. ಬೆದಿ ಇಲ್ಲ ಅಂದ್ರೂ ಹಾಕು ಅಂದ್ರ ಹಾಕು ಅನ್ನಾಕಿ" ಎಂದು ಗುರುಸಂಗಪ್ಪನವರು ನಿನ್ನೆ ನರಗುಂದದಲ್ಲಿ ಸಿಕ್ಕಾಗ ನೆನೆದಿದ್ದರು.

ಕಳೆದ ಚಳಿಗಾಲ, ಎಳ್ಳಮಾಸಿ ಮುಗಿದ ಮೇಲೆ, ಎಮ್ಮೆಯನ್ನು ಗಜೇಂದ್ರಗಡದ ಸಂತೆಗೆ ಹೊಡೆಯುವುದೆಂದು ಹೊಳೆವ್ವನವರು ಗಟ್ಟಿ ಮಾಡಿದರು. ಅದೇ ವಾರ ಒಂದು ನಸುಕಿನಲ್ಲಿ ನವಾಬ ಅವರ ಮುಚ್ಚಿದ ಕದದ ಮುಂದೆ ನಿಂತುಬಿಟ್ಟ. ಒಳಗೆ ಎಮ್ಮೆ ಚಕಾರ ಎತ್ತಿರಲಿಲ್ಲ.

"ಖರೇ ಹೇಳ್ತೀನ್ರಿ, ಹೊಳೆವ್ವಗ ಹೇಳಬಾರದು ಅಂತನ ಇದ್ದೆ" ಎನ್ನುತ್ತಾರೆ ಮೈಮುನಬಿ. "ನನ್ನ ಕ್ವಾಣಕ್ಕ ಉಪ್ಪ ಚೆಲ್ಲಾಕಿ ಎಮ್ಮಿ ನಾನ್ಯಾಕ ಉಳಸ್ಲಿ? ಉಳದ್ರೂ ಗಿಣ್ಣ ಆ ಗುರುಸಂಗಪ್ಪಗ. ಹಗ್ಗ ಜಗ್ಗಿದೆ. ಅಂವ ಹಂದಲಿಲ್ಲ. ಅಂವ ಬಂದಿದ್ರ ನಾನೂ ಹೋಗೇಬಿಡ್ತಿದ್ದೆ. ಬರಲಿಲ್ಲಲ್ಲ, ಬಾಗಲಾ ಬಡದೆ."

ಹೊಳೆವ್ವನವರು ಉಪ್ಪು ಹಿಡಿದೇ ಹೊರಬಂದರು. "ಯಕ್ಕಾ, ಉಪ್ಪ ಆಮ್ಯಾಲ ಚೆಲ್ಲವಂತಿ. ಮೊದಲ ಎಮ್ಮಿ ಹೊರಗ ಬಿಡು. ಹೆಂಗೂ ಮಾರಾಕಿ, ಇನ್ನೇನ ಕೆಡತೈತಿ?" ಎಂದರು ಮೈಮುನಬಿ. ಹೊಳೆವ್ವನವರು ಉಪ್ಪನ್ನು ಪಕ್ಕಕ್ಕಿಟ್ಟು ಎಮ್ಮೆಯ ಹಗ್ಗ ಬಿಚ್ಚಿದರು. ಎಮ್ಮೆ ಹೊರಬಂತು. ನವಾಬ ಗದ್ದ ಊರಿದ. ಎಮ್ಮೆ ಕಲ್ಲಿನಂತೆ ನಿಂತಿತು. ಅಂದು ಸಂಜೆ ಗುರುಸಂಗಪ್ಪನವರ ಕೊಳವೆ ಸಲೀಸಾಗಿ ಒಳಗಿಳಿಯಿತು. ಸಂತೆಗೆ ಹೋಗುವುದು ಒಂದಿಷ್ಟು ದಿನ ಮುಂದಕ್ಕೆ ಬಿತ್ತು.

ಮೂರು ವಾರದ ಮೇಲೆ ನವಾಬ ಅದೇ ಬಾಗಿಲ ಮುಂದೆ ಹಾದುಹೋದ. ಕದ ತೆರೆದಿತ್ತು, ಎಮ್ಮೆ ಎದುರಿಗೇ ಇತ್ತು. ಅವನು ಮೂಸಿದ, ತಿರುಗಿ ನೋಡದೆ ನಡೆದುಬಿಟ್ಟ. ಹೊಳೆವ್ವನವರಿಗೆ ಅವಮಾನವಾಯಿತು. "ಯಾಕವಾ, ನಮ್ಮ ಎಮ್ಮಿ ಚಂದ ಇಲ್ಲೇನು? ಆಜೂಬಾಜೂ ಮನ್ಯಾಗ ಗದ್ದ ಇಡ್ತಾನ, ನಮ್ಮನ್ಯಾಗ ನೋಡಂಗಿಲ್ಲ" ಎಂದು ಜಗಳಕ್ಕೇ ನಿಂತರು. ಮೈಮುನಬಿ ನಕ್ಕು, "ಗಬ್ಬ ನಿಂತಂಗೈತಿ ಬಿಡ ಯಕ್ಕಾ" ಎಂದರು.

ಇದರ ಗುಟ್ಟನ್ನು ಗುರುಸಂಗಪ್ಪನವರು ನಿನ್ನೆಯೇ ಬಿಡಿಸಿ ಹೇಳಿದ್ದರು. ಅಂಡಾಶಯದ ಮೇಲೆ ಒಂದು ಗುಳ್ಳೆ ಬೆಳೆಯುತ್ತದೆ. ಅದು ಸುರಿಸುವ ಹಾರ್ಮೋನೇ ಎಮ್ಮೆಯನ್ನು ಬೆದೆಗೆ ತರುತ್ತದೆ, ಗರ್ಭದ ಬಾಯಿ ಸಡಿಲಿಸುತ್ತದೆ. ಗುಳ್ಳೆ ಒಡೆದು ಅಂಡ ಹೊರಬಿದ್ದ ಜಾಗದಲ್ಲಿ ಒಂದು ಗಂಟು ಮೂಡುತ್ತದೆ. ಅದರ ಹಾರ್ಮೋನು ಬೇರೆ, ಅದು ಗರ್ಭವನ್ನು ಕಾಯುತ್ತದೆ, ಮತ್ತೆ ಬೆದೆ ಬರಗೊಡುವುದಿಲ್ಲ. "ಒಳಗ ಕರ ಇಲ್ಲಂದ್ರ ಗರ್ಭಕೋಶನ ಆ ಗಂಟ ಕರಗಸ್ತೈತಿ. ತಿರುಗಿ ಬೆದಿ. ಕರ ಇತ್ತಂದ್ರ ಗಂಟ ಗಟ್ಟಿ, ನವಾಬಗ ವಾಸನಿ ಇಲ್ಲ" ಎಂದಿದ್ದರು. ಜೊತೆಗೆ ಇದನ್ನೂ ಸೇರಿಸಿದ್ದರು: "ನಾ ಕೈ ಹಾಕಿ ಗಬ್ಬ ಅನ್ನೂದ್ರೊಳಗ ಊರ ಮಂದಿ ಕ್ವಾಣನ್ನ ಕೇಳಿ ಕುಂತಿರ್ತಾರ. ಅದು ನೋಡ್ರಿ ನನ್ನ ಹೊಟ್ಟಿ ಉರಸೂದು."

ಈ ಊರಲ್ಲಿ ಹೊಟ್ಟೆ ಉರಿಯದವರು ಯಾರು ಎಂದು ನಾನು ಯೋಚಿಸುತ್ತಿರುವಾಗಲೇ ಹೊಳೆವ್ವನವರ ಮನೆ ಬರುತ್ತದೆ. ಮುಂದೆ ಗುರುಸಂಗಪ್ಪನವರ ಮೋಟಾರ್ ಸೈಕಲ್ ನಿಂತಿದೆ. "ಹಾದ್ಯಾಗ ಇತ್ತು, ಕರ ನೋಡಿ ಹೋಗೂನಂತ ಬಂದೆ" ಎನ್ನುತ್ತಾರೆ. ಗಾಡಿಯನ್ನು ಕಂಡ ನವಾಬ ಬುಸುಗುಟ್ಟಿ ನೆಲ ಕೆರೆಯುತ್ತಾನೆ. ಅವನಿಗೂ ಗೊತ್ತಿದೆ, ಸಂಜೆ ಯಾರು ಬರುತ್ತಾರೆಂದು.

ಹೊಳೆವ್ವನವರು ಬಟ್ಟಲು ಹಿಡಿದು ಹೊರಬರುತ್ತಾರೆ. ಬೆಲ್ಲ, ಏಲಕ್ಕಿಯ ಘಮ ಓಣಿಗೆ ಹರಡುತ್ತದೆ. ಬಟ್ಟಲು ಒಂದೇ. ಗುರುಸಂಗಪ್ಪನವರು ಕೈ ಚಾಚುತ್ತಾರೆ. ಹೊಳೆವ್ವನವರು ಅವರನ್ನು ದಾಟಿ ಬರುತ್ತಾರೆ. ಮೈಮುನಬಿಯ ಕಣ್ಣು ಅಗಲವಾಗುತ್ತದೆ, ಸೆರಗಿಗೆ ಕೈ ಒರೆಸಿಕೊಂಡು ಅವರೂ ಚಾಚುತ್ತಾರೆ. ಹೊಳೆವ್ವನವರು ಅವರನ್ನೂ ದಾಟುತ್ತಾರೆ.

"ಇಬ್ಬರೂ ಹಾದಿ ಬಿಡ್ರಿ. ನೀ ಹೋಗಾಕ ಹೊಂಟಿದ್ದಿ, ಹಗ್ಗ ಜಗ್ಗೂದು ಕಿಂಡ್ಯಾಗ ನೋಡೇನಿ. ಈತನ್ನ ಕರದ ಮ್ಯಾಲ ಬಂದ. ಬಾಗಲದಾಗ ನಿಂತಾಂವ ಇಂವ ಒಬ್ಬನ" ಎಂದು ಹೇಳಿ ಬಟ್ಟಲನ್ನು ನವಾಬನ ಮುಂದೆ ಇಡುತ್ತಾರೆ. ಉಪ್ಪು ಚೆಲ್ಲಿದ ಅದೇ ಹೊಸ್ತಿಲ ಮುಂದೆ.

ಮೈಮುನಬಿಯ ಮುಖ ನೋಡಬೇಕು. ಇಷ್ಟು ವರ್ಷ ಗುರುಸಂಗಪ್ಪನ ಮೇಲಿದ್ದ ಉರಿಯೆಲ್ಲ ಈಗ ತನ್ನದೇ ಕೋಣದ ಮೇಲೆ. ನವಾಬ ಬಟ್ಟಲಿಗೆ ಮೂಗಿಡುತ್ತಾನೆ, ಕತ್ತೆತ್ತಿ ತುಟಿ ಸುರುಳಿ ಮಾಡುತ್ತಾನೆ. ಅವನು ಹುಡುಕುವುದು ಅದರಲ್ಲಿ ಇಲ್ಲ. ಮುಖ ತಿರುಗಿಸಿ ಮನೆಯ ಕಡೆ ಹೊರಡುತ್ತಾನೆ.

"ಅವಂಗ ಬ್ಯಾಡಂದ್ರ..." ಎಂದು ಗುರುಸಂಗಪ್ಪನವರು ಬಗ್ಗುವಷ್ಟರಲ್ಲಿ ಬಟ್ಟಲು ಮೈಮುನಬಿಯ ಕೈಯಲ್ಲಿದೆ.

"ನಮ್ಮ ಮನಿಯಾಂವ ಬಿಟ್ಟದ್ದು ನಮ್ಮ ಮನಿಗೇ" ಎನ್ನುತ್ತಾರೆ. ಅಲ್ಲೇ ನಿಂತು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿಯುತ್ತಾರೆ. ಉಳಿದದ್ದನ್ನು ಯಮನೂರಸಾಬರಿಗೆಂದು ಸೆರಗಿನಡಿ ಮುಚ್ಚಿಕೊಳ್ಳುತ್ತಾರೆ. ಫೋಟೋ ತೆಗೆಯಲೇ ಎಂದು ಕೇಳುತ್ತೇನೆ. ಬೇಡ ಎಂದು ತಲೆಯಾಡಿಸಿ, ನವಾಬನ ಹಿಂದೆ ನಾಲ್ಕು ಹೆಜ್ಜೆ ನಡೆದು, ತಿರುಗಿ ನಿಲ್ಲುತ್ತಾರೆ.

"ನನ್ನ ಚಿತ್ರ ಬ್ಯಾಡ್ರಿ ಸಾಹೇಬ್ರ. ಗಿಣ್ಣ ಮೈಮುನಬಿ ಮನಿಗಿ ಬಂತು ಅಂತ ಇಷ್ಟ ಬರೀರಿ. ಗುರುಸಂಗಪ್ಪಣ್ಣ ಓದೂವಂಗ, ದೊಡ್ಡ ಅಕ್ಷರದಾಗ."